ಒಂದು ಕೂಪನ್, ಎರಡು ಕೋಡ್

ಪೀಣ್ಯ ಎರಡನೇ ಹಂತದ ಒಂದು ಫ್ಯಾಬ್ರಿಕೇಶನ್ ಶಾಪು. ಬೆಳಿಗ್ಗೆ ಎಂಟೂವರೆ. ಶಟರ್ ದಾಟಿ ಒಳಗೆ ಬಂದರೆ ಬಲಗಡೆ ಪ್ಲೇಟ್ ರೋಲಿಂಗ್ ಮಷೀನು, ಎಡಗಡೆ ಗಾಜಿನ ಕ್ಯಾಬಿನ್. ನೀವು ಕ್ಯಾಬಿನ್ನಿಗೇ ಬನ್ನಿ, ಇವತ್ತಿನ ಕೆಲಸ ಶುರುವಾಗಿರುವುದು ಅಲ್ಲಿ. ಮೇಜಿನ ಮೇಲೆ ಎರಡು ಡ್ರಾಯಿಂಗ್ ಹರಡಿವೆ. ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಥರದ ಪ್ರೆಶರ್ ವೆಸೆಲ್: 16 ಮಿ.ಮೀ. ಶೆಲ್, 20 ಮಿ.ಮೀ. ಡಿಶ್, ಸುತ್ತ ಸಣ್ಣ ದೊಡ್ಡ ನಾಝಲ್‌ಗಳು. ಒಂದು ಅಮೆರಿಕಕ್ಕೆ ಹೋಗುವಂಥದ್ದು, ಅದರ ಮೂಲೆಯಲ್ಲಿ ಅಲ್ಲಿನ ಕೋಡ್ ಆದ ಎಎಸ್‌ಎಂಇ ಸೆಕ್ಷನ್ 8 ಅಂತಿದೆ. ಇನ್ನೊಂದು ಯುರೋಪಿಗೆ ಹೋಗುವಂಥದ್ದು, ಅಲ್ಲಿನ ಪ್ರೆಶರ್ ಎಕ್ವಿಪ್‌ಮೆಂಟ್ ಡೈರೆಕ್ಟಿವ್, ಅಂದರೆ ಪಿಇಡಿ ಪ್ರಕಾರ. ವೆಲ್ಡಿಂಗ್ ಮಾತು ಬಂದರೆ ಮೊದಲನೆಯದಕ್ಕೆ ಎಎಸ್‌ಎಂಇ ಸೆಕ್ಷನ್ 9, ಎರಡನೆಯದಕ್ಕೆ ವಿಧಾನ ಪರೀಕ್ಷಿಸಲು ಐಎಸ್‌ಒ 15614-1, ವೆಲ್ಡರ್‌ನನ್ನು ಪರೀಕ್ಷಿಸಲು ಐಎಸ್‌ಒ 9606-1.

ವೆಲ್ಡಿಂಗ್ ಇಂಜಿನಿಯರ್ ಮೇಡಂ ಎರಡೂ ಡ್ರಾಯಿಂಗ್‌ಗಳ ನಡುವೆ ಒಂದು ಹಳೆಯ ಫೈಲು ತೆರೆದಿಟ್ಟಿದ್ದಾರೆ. ಪ್ರೊಡಕ್ಷನ್ ಮ್ಯಾನೇಜರ್ ಬಾಗಿಲಲ್ಲೇ ನಿಂತು ಅದನ್ನು ತೋರಿಸುತ್ತಾರೆ. "ಎಎಸ್‌ಎಂಇ ಪಿಕ್ಯುಆರ್ ಇದೆಯಲ್ಲ ಮೇಡಂ, ಅದನ್ನೇ ಐಎಸ್‌ಒ ಫಾರ್ಮಿಗೆ ಹಾಕಿ ಕಳಿಸಿಬಿಡೋಣ. ಸ್ಟೀಲ್ ಅದೇ, ರಾಡ್ ಅದೇ, ಮಷೀನೂ ಅದೇ."

"ಹಾರ್ಡ್‌ನೆಸ್ ಎಲ್ಲಿಂದ ತರ್ಲಿ ಸರ್?" ಎನ್ನುತ್ತಾರೆ ಮೇಡಂ. ಹಳೆಯ ಪಿಕ್ಯುಆರ್‌ನಲ್ಲಿ, ಅಂದರೆ ವೆಲ್ಡಿಂಗ್ ವಿಧಾನವನ್ನು ಪರೀಕ್ಷಿಸಿದ ದಾಖಲೆಯಲ್ಲಿ, ಎರಡು ಟೆನ್ಸೈಲ್, ನಾಲ್ಕು ಬೆಂಡ್ ಇವೆ. ಸೆಕ್ಷನ್ 9 ಸಾಮಾನ್ಯವಾಗಿ ಕೇಳುವುದು ಅಷ್ಟೇ. ಐಎಸ್‌ಒ 15614-1ರ ಲೆವೆಲ್ 2 ಅವುಗಳ ಜೊತೆಗೆ ಮ್ಯಾಕ್ರೋ ಕೇಳುತ್ತದೆ, ಹಾರ್ಡ್‌ನೆಸ್ ಕೇಳುತ್ತದೆ, 12 ಮಿ.ಮೀ. ದಾಟಿದ ಪ್ಲೇಟಿಗೆ ಇಂಪ್ಯಾಕ್ಟ್ ಕೇಳುತ್ತದೆ. ಪರೀಕ್ಷೆಗೆಂದೇ ವೆಲ್ಡ್ ಮಾಡಿದ ತುಂಡನ್ನು, ಅಂದರೆ ಕೂಪನ್ ಅನ್ನು, ಕತ್ತರಿಸುವುದಕ್ಕೆ ಮುಂಚೆ ರೇಡಿಯಾಗ್ರಫಿ ಅಥವಾ ಅಲ್ಟ್ರಾಸಾನಿಕ್, ಜೊತೆಗೆ ಮೇಲ್ಮೈ ಬಿರುಕಿನ ಪರೀಕ್ಷೆ ಆಗಿರಬೇಕು ಅನ್ನುತ್ತದೆ. ಹಳೆಯ ಕೂಪನ್ ಯಾವತ್ತೋ ತುಂಡಾಗಿ ಗುಜರಿ ಸೇರಿದೆ. ಎಷ್ಟೇ ಚೆನ್ನಾಗಿ ಫಾರ್ಮ್ ತುಂಬಿದರೂ ಆಗದೇ ಹೋದ ಪರೀಕ್ಷೆ ಆಗಿಬಿಡುವುದಿಲ್ಲ.

2017ರಲ್ಲಿ ಐಎಸ್‌ಒ 15614-1ನ್ನು ಹೊಸದಾಗಿ ಬರೆದಾಗ ಲೆವೆಲ್ 1 ಅಂತ ಒಂದು ಭಾಗ ಸೇರಿತು. ಅದರ ಬೇಡಿಕೆ ಸೆಕ್ಷನ್ 9ಕ್ಕೆ ಹತ್ತಿರ. ಲೆವೆಲ್ 2 ಮೊದಲಿದ್ದ ಯುರೋಪಿನ ದಾರಿಯನ್ನೇ ಉಳಿಸಿಕೊಂಡಿತು. ಲೆವೆಲ್ 2 ಮಾಡಿದರೆ ಲೆವೆಲ್ 1 ತಾನಾಗಿ ಸಿಗುತ್ತದೆ, ಲೆವೆಲ್ 1 ಮಾಡಿ ಲೆವೆಲ್ 2 ಕೇಳುವಂತಿಲ್ಲ. ಯುರೋಪಿನ ಈ ಗಿರಾಕಿ ಆರ್ಡರ್‌ನಲ್ಲಿ ಲೆವೆಲ್ 2 ಅಂತಲೇ ಬರೆದಿದ್ದಾನೆ.

ಹಾಗಾಗಿ ಹೊಸ ಕೂಪನ್. ಆದರೆ ಯಾವ ಪ್ಲೇಟಿನದು? ಇದನ್ನು ಅವಸರದಲ್ಲಿ ತೀರ್ಮಾನಿಸಿದ ಶಾಪುಗಳು ಆಮೇಲೆ ಇನ್ನೊಮ್ಮೆ ಟೆಸ್ಟ್ ಕೊಟ್ಟಿವೆ. ಅಮೆರಿಕದ ಆರ್ಡರ್‌ಗೆ ಬಂದಿರುವುದು ಎಸ್‌ಎ-516 ಗ್ರೇಡ್ 70, ಯುರೋಪಿನದಕ್ಕೆ ಪಿ355ಜಿಎಚ್. ಸೆಕ್ಷನ್ 9ರ ಪಟ್ಟಿಯಲ್ಲಿ ಇವೆರಡೂ ಒಂದೇ ಮನೆಯವು: ಪಿ-ನಂಬರ್ 1, ಗ್ರೂಪ್ 2. ಒಂದರ ಮೇಲೆ ಟೆಸ್ಟ್ ಮಾಡಿ ಇನ್ನೊಂದಕ್ಕೆ ಬಳಸಬಹುದು. ಐಎಸ್‌ಒ ಕಡೆ ಉಕ್ಕನ್ನು ಗುಂಪು ಮಾಡುವುದು ಈಲ್ಡ್ ಸ್ಟ್ರೆಂತ್ ನೋಡಿ. 275 ಮೆಗಾಪಾಸ್ಕಲ್‌ವರೆಗೆ ಗುಂಪು 1.1, ಅದರಾಚೆ 360ರವರೆಗೆ 1.2. 516 ಗ್ರೇಡ್ 70ರ ಈಲ್ಡ್ 260, ಪಿ355ಜಿಎಚ್‌ನದು ಅದರ ಹೆಸರಲ್ಲೇ ಇದೆ. ಗುಂಪು 1ರಲ್ಲಿ ಟೆಸ್ಟ್ ಆದ ಉಕ್ಕು ತನ್ನಷ್ಟೇ ಅಥವಾ ತನಗಿಂತ ಕಡಿಮೆ ಈಲ್ಡ್ ಇರುವುದನ್ನು ಮಾತ್ರ ಒಳಗೊಳ್ಳುತ್ತದೆ. 516ರ ಮೇಲೆ ಟೆಸ್ಟ್ ಮಾಡಿದರೆ ಎಎಸ್‌ಎಂಇ ಒಪ್ಪುತ್ತದೆ, ಐಎಸ್‌ಒ ಯುರೋಪಿನ ಪ್ಲೇಟನ್ನು ಹೊರಗಿಡುತ್ತದೆ. ಪಿ355ಜಿಎಚ್ ಮೇಲೆ ಮಾಡಿದರೆ ಎರಡೂ ಕಡೆ ಬಾಗಿಲು ತೆರೆಯುತ್ತದೆ.

ಮೇಡಂ ಪೆನ್ಸಿಲ್‌ನಿಂದ ಪಿ355ಜಿಎಚ್ ಅಂತ ಬರೆದು ಪಕ್ಕದಲ್ಲಿ 20 ಮಿ.ಮೀ. ಅಂತ ಸೇರಿಸುತ್ತಾರೆ. 20ರ ಪ್ಲೇಟಿಗೆ ಹಲವು ಪಾಸ್ ಹಾಕಿದರೆ ಐಎಸ್‌ಒ ಕೊಡುವುದು 10ರಿಂದ 40 ಮಿ.ಮೀ. ಎಎಸ್‌ಎಂಇ ಕೊಡುವುದು 5ರಿಂದ 40. ಆದರೆ ಅಮೆರಿಕದ ಗಿರಾಕಿಯೂ ಈ ಸಲ ಇಂಪ್ಯಾಕ್ಟ್ ಕೇಳಿದ್ದಾನೆ. ಇಂಪ್ಯಾಕ್ಟ್ ಬಂದ ಕೂಡಲೇ ಎಎಸ್‌ಎಂಇಯ ಕೆಳಮಿತಿ 5ರಿಂದ 16ಕ್ಕೆ ಏರುತ್ತದೆ. ಶೆಲ್ ಸರಿಯಾಗಿ 16. ತೂಕ ಇಳಿಸುವ ಉತ್ಸಾಹದಲ್ಲಿ ಯಾರಾದರೂ ಅದನ್ನು 14 ಮಾಡಿದರೆ ಐಎಸ್‌ಒ ಕಾಗದ ಉಳಿಯುತ್ತದೆ, ಎಎಸ್‌ಎಂಇ ಕಾಗದ ಬೀಳುತ್ತದೆ. ಮೇಡಂ 16ರ ಸುತ್ತ ಕೆಂಪು ಗೆರೆ ಎಳೆದು ಡಿಸೈನ್ ವಿಭಾಗಕ್ಕೆ ಒಂದು ಸಾಲಿನ ಮೇಲ್ ಕಳಿಸುತ್ತಾರೆ.

ಈಗ ಶಾಪಿಗೆ ಇಳಿಯೋಣ.

ಎರಡು ಜೋಡಿ ಪ್ಲೇಟುಗಳನ್ನು ಬೆವೆಲ್ ಹೊಡೆದು, ಗ್ರೈಂಡ್ ಮಾಡಿ, ಟ್ಯಾಕ್ ಹಾಕಿ ಇಟ್ಟಿದ್ದಾರೆ. ಒಂದು ಜೋಡಿ ಸ್ಟ್ಯಾಂಡಿಗೆ ನೆಟ್ಟಗೆ ನಿಂತಿದೆ, ಜಾಯಿಂಟು ಕೆಳಗಿಂದ ಮೇಲಕ್ಕೆ. ಇದು 3ಜಿ, ಐಎಸ್‌ಒ ಭಾಷೆಯಲ್ಲಿ ಪಿಎಫ್. ಇನ್ನೊಂದರ ಜಾಯಿಂಟು ಅಡ್ಡ, 2ಜಿ ಅಥವಾ ಪಿಸಿ. ಎರಡು ಯಾಕೆ? ಮೇಲ್ಮುಖವಾಗಿ ಹೋಗುವಾಗ ಕೈ ನಿಧಾನ, ರಾಡನ್ನು ಆಚೀಚೆ ಆಡಿಸಬೇಕು, ಶಾಖ ಹೆಚ್ಚು ಇಳಿಯುತ್ತದೆ. ಶಾಖ ಹೆಚ್ಚಾದರೆ ಕಣಗಳು ದಪ್ಪವಾಗಿ ಉಕ್ಕಿನ ಪೆಟ್ಟು ತಡೆಯುವ ಶಕ್ತಿ ಕುಗ್ಗಬಹುದು. ಅದಕ್ಕೇ ಇಂಪ್ಯಾಕ್ಟ್ ತುಂಡುಗಳನ್ನು ಅಲ್ಲಿಂದ ತೆಗೆಯಬೇಕು. ಅಡ್ಡ ಜಾಯಿಂಟಿನಲ್ಲಿ ಕೈ ಬೇಗ ಓಡುತ್ತದೆ, ಶಾಖ ಕಡಿಮೆ, ಬೇಗ ತಣ್ಣಗಾಗುತ್ತದೆ. ಬೇಗ ತಣ್ಣಗಾದದ್ದು ಬಿರುಸಾಗಿ ಬಿರುಕು ಬಿಡಬಹುದು. ಹಾರ್ಡ್‌ನೆಸ್ ಅಲ್ಲಿಂದ. ಇಂಪ್ಯಾಕ್ಟ್ ಇದ್ದಾಗ ಎಎಸ್‌ಎಂಇ ಕೂಡ ಮೇಲ್ಮುಖ ವೆಲ್ಡನ್ನೇ ಕೆಟ್ಟ ಸ್ಥಿತಿ ಎಂದು ನೋಡುತ್ತದೆ. ಆದ್ದರಿಂದ 3ಜಿ ಕೂಪನ್ ಎರಡೂ ಕೋಡ್‌ಗೆ ಸಲ್ಲುತ್ತದೆ, 2ಜಿ ಐಎಸ್‌ಒಗಾಗಿ ಹೆಚ್ಚುವರಿ.

ಎಲ್ಲ ಸಿದ್ಧ. ರಾಡುಗಳು ಮದರ್ ಓವನ್‌ನಿಂದ ಪೋರ್ಟಬಲ್ ಓವನ್ನಿಗೆ ಬಂದಿವೆ. ವೆಲ್ಡರ್ ಗ್ಲೌಸ್ ಹಾಕಿಕೊಂಡು ನಿಂತಿದ್ದಾರೆ. ಆದರೆ ಇನ್‌ಸ್ಪೆಕ್ಟರ್ ಬಂದಿಲ್ಲ. ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಿದ್ದೇನೆ ಅಂತ ಫೋನ್ ಮಾಡಿದ್ದಾರೆ.

"ರೂಟ್ ಹಾಕಿಬಿಡೋಣ ಮೇಡಂ, ಬಂದ್ಮೇಲೆ ಸಹಿ ತಗೊಂಡ್ರಾಯ್ತು," ಎನ್ನುತ್ತಾರೆ ಮ್ಯಾನೇಜರ್. ಮೇಡಂ ತಲೆ ಅಲ್ಲಾಡಿಸುತ್ತಾರೆ. ಎಎಸ್‌ಎಂಇ ಒಂದೇ ಆಗಿದ್ದರೆ ಕಾಯಬೇಕಿರಲಿಲ್ಲ. ಸೆಕ್ಷನ್ 9ರಲ್ಲಿ ಕೂಪನ್ ವೆಲ್ಡ್ ಆಗುವುದನ್ನು ನೋಡಿಕೊಳ್ಳುವ, ಸಹಿ ಹಾಕುವ ಹೊಣೆ ತಯಾರಕನದೇ. ಪಿಇಡಿಯಲ್ಲಿ ಎರಡನೇ ವರ್ಗದಿಂದ ಮೇಲಿನ ಉಪಕರಣಗಳಿಗೆ ವಿಧಾನವನ್ನೂ ವೆಲ್ಡರ್‌ನನ್ನೂ ಮಾನ್ಯತೆ ಪಡೆದ ಹೊರಗಿನ ಸಂಸ್ಥೆಯೊಂದು ಒಪ್ಪಬೇಕು. ಇನ್‌ಸ್ಪೆಕ್ಟರ್ ಬರುತ್ತಿರುವುದು ಅಲ್ಲಿಂದಲೇ.

ಈ ವ್ಯತ್ಯಾಸದ ಬೇರು ಹಳೆಯದು, ಎರಡೂ ಕಡೆ ಅದರ ಹಿಂದೆ ಸಾವಿದೆ. ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ 1865ರಲ್ಲಿ ಬ್ರೂವರಿಯೊಂದರ ಬಾಯ್ಲರ್ ಸಿಡಿಯಿತು. ಮರುವರ್ಷ ಅಲ್ಲಿನ ಬಾಯ್ಲರ್ ಮಾಲೀಕರು ಸೇರಿ ತಮ್ಮ ಬಾಯ್ಲರ್‌ಗಳನ್ನು ತಪಾಸಣೆ ಮಾಡಲು ಸ್ವತಂತ್ರ ಸಂಘ ಕಟ್ಟಿದರು. ಇವತ್ತಿನ ಟಿಯುವಿ ಸಂಸ್ಥೆಗಳ ಮೂಲ ಅದು. ಅಮೆರಿಕದ ಬ್ರಾಕ್‌ಟನ್‌ನಲ್ಲಿ 1905ರ ಮಾರ್ಚ್ 20ರಂದು ಗ್ರೋವರ್ ಶೂ ಕಾರ್ಖಾನೆಯ ಬಾಯ್ಲರ್ ಸಿಡಿದು 58 ಜನ ಸತ್ತರು. ಮ್ಯಾಸಚೂಸೆಟ್ಸ್ ಕಾನೂನು ಮಾಡಿತು, ಅದರ ಬೆನ್ನಿಗೆ ಎಎಸ್‌ಎಂಇ 1914ರ ಬಾಯ್ಲರ್ ಕೋಡ್ ಬರೆಯಿತು. ಹೊರಗಿನವರ ತಪಾಸಣೆ ಅಮೆರಿಕದಲ್ಲೂ ಇದೆ, ಆದರೆ ವೆಲ್ಡರ್‌ನ ಅರ್ಹತೆಗೆ ಉತ್ತರ ಹೇಳಬೇಕಾದವನು ತಯಾರಕ ಎನ್ನುವುದು ಅಲ್ಲಿನ ಪಟ್ಟು. ಯುರೋಪಿನವರಿಗೆ ಕಣ್ಣೆದುರು ಇನ್ನೊಬ್ಬ ಇರಲೇಬೇಕು. ಯಾವುದು ಮೇಲು ಅಂತ ವಾದ ಮಾಡುವವರನ್ನು ಬೇಕಾದಷ್ಟು ನೋಡಬಹುದು. ಎರಡೂ ಪ್ರಾಮಾಣಿಕ ಉತ್ತರಗಳೇ, ಮತ್ತು ಇವೆರಡನ್ನೂ ಒಟ್ಟಿಗೆ ಪೂರೈಸುವುದಕ್ಕೆ ಇರುವ ಸಮಯ ಆರ್ಕ್ ಹೊತ್ತುವುದಕ್ಕೆ ಮುಂಚಿನದು ಮಾತ್ರ.

ಹತ್ತು ಗಂಟೆ ದಾಟಿದ ಮೇಲೆ ಇನ್‌ಸ್ಪೆಕ್ಟರ್ ಬರುತ್ತಾರೆ. ಚಹಾ ಬೇಡವೆಂದು ನೇರ ಸ್ಟ್ಯಾಂಡಿನ ಹತ್ತಿರ ಹೋಗಿ ಪ್ಲೇಟಿನ ಹೀಟ್ ನಂಬರನ್ನು ಮಿಲ್ ಸರ್ಟಿಫಿಕೇಟ್ ಜೊತೆ ತಾಳೆ ನೋಡುತ್ತಾರೆ, ತಮ್ಮ ಪಂಚ್ ಹೊಡೆಯುತ್ತಾರೆ. ಆಮೇಲೆ ರಾಡಿನ ಪ್ಯಾಕೆಟ್ಟು. ಇ7018-1ರ ಕನಿಷ್ಠ ಟೆನ್ಸೈಲ್ 490 ಮೆಗಾಪಾಸ್ಕಲ್, ಈ ಪ್ಲೇಟಿನ ಕನಿಷ್ಠ 510. ಮೇಡಂ ಇದನ್ನು ಮೊದಲೇ ಯೋಚಿಸಿ, ಈ ಬ್ಯಾಚಿನ ಸರ್ಟಿಫಿಕೇಟಿನಲ್ಲಿ 550ರ ಮೇಲೆ ಬಂದಿರುವುದನ್ನು ನೋಡಿಯೇ ತರಿಸಿದ್ದಾರೆ. ಇನ್ನೊಂದು ಸಂಗತಿಯೂ ಇದೆ. ಎಎಸ್‌ಎಂಇಗೆ ರಾಡಿನ ವರ್ಗ ಸಾಕು, ಕಂಪನಿ ಯಾವುದಾದರೂ ಸರಿ. ಐಎಸ್‌ಒ ಲೆವೆಲ್ 2ರಲ್ಲಿ ಇಂಪ್ಯಾಕ್ಟ್ ಬೇಕಾದಾಗ ಇಂಥ ರಾಡಿಗೆ ಟೆಸ್ಟಿನಲ್ಲಿ ಬಳಸಿದ ಬ್ರ್ಯಾಂಡೇ ಕೆಲಸದಲ್ಲೂ ಇರಬೇಕು. ನಾಲ್ಕು ರೂಪಾಯಿ ಉಳಿಯಿತು ಅಂತ ಖರೀದಿ ವಿಭಾಗ ಬೇರೆ ಪ್ಯಾಕೆಟ್ ತಂದರೆ ವೆಸೆಲ್ ಯುರೋಪಿಗೆ ಹೋಗುವುದಿಲ್ಲ.

ಹೆಲ್ಪರ್ ಹುಡುಗ ಗ್ಯಾಸ್ ಟಾರ್ಚ್ ಹಚ್ಚಿಕೊಂಡು ಪ್ಲೇಟಿನತ್ತ ಬರುತ್ತಾನೆ. ಅವನ ಪಾಲಿಗೆ ಇದು ಕಾಳಜಿ, ಚೆನ್ನಾಗಿ ಕಾಯಿಸಿದರೆ ಟೆಸ್ಟ್ ಖಂಡಿತ ಪಾಸ್. "ತಡಿಯಪ್ಪ," ಎಂದು ಮೇಡಂ ಕೈ ಅಡ್ಡ ಹಿಡಿಯುತ್ತಾರೆ. ಟೆಸ್ಟ್ ಶುರುವಾದಾಗ ಪ್ಲೇಟು ಎಷ್ಟು ಬಿಸಿ ಇತ್ತೋ ಅದೇ ಐಎಸ್‌ಒ ಲೆವೆಲ್ 2ರಲ್ಲಿ ಕೆಲಸದ ಕೆಳಮಿತಿ. ಎಎಸ್‌ಎಂಇ 55 ಡಿಗ್ರಿ ಇಳಿಯಲು ಬಿಡುತ್ತದೆ, ಐಎಸ್‌ಒ ಬಿಡುವುದಿಲ್ಲ. ಇವತ್ತು 150ಕ್ಕೆ ಕಾಯಿಸಿದರೆ ನಾಳೆ ಪ್ರತಿ ಜಾಯಿಂಟಿಗೂ 150 ಕಾಯಿಸಬೇಕು, ಅಷ್ಟು ಗ್ಯಾಸು, ಅಷ್ಟು ಬೆವರು. ಡಬ್ಲ್ಯುಪಿಎಸ್ (ಕೆಲಸ ಹೇಗೆ ಮಾಡಬೇಕೆಂದು ಹೇಳುವ ವೆಲ್ಡಿಂಗ್ ವಿಧಾನದ ಹಾಳೆ) ಕರಡಿನಲ್ಲಿ ಮೇಡಂ ಬರೆದದ್ದು 50. ಹುಡುಗ ಜ್ವಾಲೆ ಸಣ್ಣದು ಮಾಡುತ್ತಾನೆ. ಥರ್ಮಲ್ ಚಾಕ್ ಎಳೆದ ಗೆರೆ ಕರಗಿದ್ದನ್ನು ಇನ್‌ಸ್ಪೆಕ್ಟರ್ ಬಗ್ಗಿ ನೋಡುತ್ತಾರೆ.

ಆರ್ಕ್ ಹೊತ್ತುತ್ತದೆ. ನೀವು ಗಾಜಿನ ಹಿಂದೆ ನಿಂತಿದ್ದೀರಿ. ಕಪ್ಪಿನ ನಡುವೆ ಒಂದು ಬಿಳಿ ಚುಕ್ಕೆ, ಅದರ ಕೆಳಗೆ ಕಿತ್ತಳೆ ಬಣ್ಣದ ಕರಗಿದ ಲೋಹ, ಅದು ಎಡಗೋಡೆ ಮುಟ್ಟಿ ಒಂದು ಕ್ಷಣ ನಿಂತು ಬಲಗೋಡೆಗೆ ಹೋಗುತ್ತದೆ. ವೆಲ್ಡರ್ ಉಸಿರು ಕೂಡ ಆ ಲಯಕ್ಕೇ ಬಂದಿದೆ. ಕೇಬಲ್ಲಿಗೆ ಟಾಂಗ್ ಟೆಸ್ಟರ್ ಸಿಕ್ಕಿಸಿ ಹೆಲ್ಪರ್ ಕೂಗಿ ಹೇಳುತ್ತಾನೆ: 120 ಆಂಪ್ಸ್, 24 ವೋಲ್ಟ್. ಮೇಡಂ ಕೈಯಲ್ಲಿ ಸ್ಟಾಪ್‌ವಾಚ್. ರಾಡ್ ಮುಗಿದಾಗ ಎಳೆದ ಉದ್ದವನ್ನು ಸ್ಕೇಲಿನಿಂದ ಅಳೆದು ವೇಗ ಲೆಕ್ಕ ಹಾಕುತ್ತಾರೆ: ನಿಮಿಷಕ್ಕೆ 80 ಮಿ.ಮೀ. ಪ್ರತಿ ಪಾಸಿಗೂ ಒಂದು ಸಾಲು ಬರಹ.

ಈ ಸಾಲುಗಳಲ್ಲೇ ಒಂದು ಗುಂಡಿ ಇದೆ. ಎಎಸ್‌ಎಂಇ ಲೆಕ್ಕದಲ್ಲಿ ವೋಲ್ಟ್, ಆಂಪ್ಸ್, 60 ಇವನ್ನು ಗುಣಿಸಿ ವೇಗದಿಂದ ಭಾಗಿಸಿದರೆ ಮಿಲಿಮೀಟರಿಗೆ 2.16 ಕಿಲೋಜೌಲ್. ಯುರೋಪಿನ ಇಎನ್ 1011-1ರ ರೀತಿಯಲ್ಲಿ ಆರ್ಕಿನ ಶಾಖವೆಲ್ಲ ಪ್ಲೇಟಿಗೆ ಇಳಿಯುವುದಿಲ್ಲವೆಂದು ರಾಡ್ ವೆಲ್ಡಿಂಗಿಗೆ 0.8ರಿಂದ ಗುಣಿಸಬೇಕು, ಆಗ ಅದೇ ಪಾಸು 1.73. ಇಂಪ್ಯಾಕ್ಟ್ ಇದ್ದಾಗ ಐಎಸ್‌ಒ ಲೆವೆಲ್ 2 ಟೆಸ್ಟಿನ ಅಂಕಿಗಿಂತ ಶೇ. 25 ಮೇಲೆ ಹೋಗಲು ಬಿಡುತ್ತದೆ. 1.73ಕ್ಕೆ ಶೇ. 25 ಸೇರಿಸಿ ನೋಡಿ: ಮತ್ತೆ 2.16! ಎರಡು ಕೋಡ್‌ನ ಮೇಲ್ಮಿತಿ ಒಂದೇ ಅನ್ನಿಸಿಬಿಡುತ್ತದೆ. ಆದರೆ ಒಂದು ಗುಣಿಸುವ ಮೊದಲಿನ ಅಂಕಿ, ಇನ್ನೊಂದು ಗುಣಿಸಿದ ಮೇಲಿನದು. ಐಎಸ್‌ಒದ ಆ 2.16ನ್ನು ಎಎಸ್‌ಎಂಇ ರೀತಿಗೆ ತಿರುಗಿಸಿದರೆ 2.7 ಆಗುತ್ತದೆ, ಎಎಸ್‌ಎಂಇ ಟೆಸ್ಟಿನ ಅಂಕಿಗಿಂತ ಒಂದು ಚೂರೂ ಮೇಲೆ ಹೋಗಲು ಬಿಡುವುದಿಲ್ಲ. ಅಮೆರಿಕದ ವೆಸೆಲ್‌ನ ಮೇಲೆ 2.7 ಹಾಕಿದ ವೆಲ್ಡರ್ ತಪ್ಪಿತಸ್ಥನಾಗುತ್ತಾನೆ, ನಿಜವಾದ ತಪ್ಪು ಕ್ಯಾಬಿನ್ನಿನಲ್ಲಿ ಆಗಿರುತ್ತದೆ. ಕೆಳಗಡೆಗೂ ಹೀಗೆಯೇ: ಹಾರ್ಡ್‌ನೆಸ್ ಕೇಳಿದಾಗ ಐಎಸ್‌ಒ ಟೆಸ್ಟಿನ ಅಂಕಿಗಿಂತ ಶೇ. 25ಕ್ಕೂ ಹೆಚ್ಚು ಕೆಳಗೆ ಇಳಿಯಬೇಡ ಅನ್ನುತ್ತದೆ, ಎಎಸ್‌ಎಂಇ ಆ ಬಗ್ಗೆ ಮಾತಾಡುವುದಿಲ್ಲ. ಮೇಡಂ ಎರಡಕ್ಕೂ ಸಲ್ಲುವ ಒಂದೇ ಡಬ್ಲ್ಯುಪಿಎಸ್ ಬರೆಯುವವರು. ಮೇಲ್ಮಿತಿ ಎಎಸ್‌ಎಂಇಯದು, ಕೆಳಮಿತಿ ಐಎಸ್‌ಒದು. ಜೊತೆಗೆ ವೆಲ್ಡರ್ ಕೈಗೆ ಸಿಗುವ ಹಾಳೆಯಲ್ಲಿ ಕಿಲೋಜೌಲ್ ಇರುವುದಿಲ್ಲ, ಒಂದು ರಾಡಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಉದ್ದ ಎಳೆಯಬೇಕು ಅಂತ ಮಾತ್ರ ಇರುತ್ತದೆ. ಶಾಪಿನಲ್ಲಿ ನಡೆಯುವುದು ಅಂಥ ಹಾಳೆಯೇ.

ಪಕ್ಕದ ಬೇಯಲ್ಲಿ ಈ ವೆಸೆಲ್‌ಗಳು ಕೂರುವ ಸ್ಕಿಡ್ ತಯಾರಾಗುತ್ತಿದೆ, ಉಕ್ಕಿನ ರಚನೆಗಳ ಕೋಡ್ ಆದ ಎಡಬ್ಲ್ಯುಎಸ್ ಡಿ1.1 ಪ್ರಕಾರ. ಆ ಕೋಡ್‌ನಲ್ಲಿ ನಿಗದಿಯಾದ ಸ್ಟೀಲು, ರಾಡು, ಜಾಯಿಂಟಿನ ಆಕಾರಗಳೊಳಗೇ ಇದ್ದರೆ ಟೆಸ್ಟೇ ಇಲ್ಲದೆ ಡಬ್ಲ್ಯುಪಿಎಸ್ ಬರೆಯಬಹುದು. ಅದು ಸ್ಕಿಡ್‌ಗೆ ಸರಿ, ಆ ಸವಲತ್ತು ವೆಸೆಲ್‌ಗೆ ದಾಟುವುದಿಲ್ಲ. ಲಿಫ್ಟಿಂಗ್ ಲಗ್ಗನ್ನು ವೆಸೆಲ್ ಗೋಡೆಗೆ ಕೂರಿಸುವ ವೆಲ್ಡು ಯಾವ ಕೋಡ್‌ನದು ಅಂತ ಡ್ರಾಯಿಂಗ್ ಬಿಡಿಸುವಾಗಲೇ ಬರೆಯದಿದ್ದರೆ ಕೊನೆಯಲ್ಲಿ ಜಗಳ ಖಂಡಿತ.

ಮಧ್ಯಾಹ್ನ ಊಟದ ನಂತರ ಪೈಪಿನ ಸರದಿ. ನಾಝಲ್ ಕೆಲಸಕ್ಕೆ ಬೇರೆ ವೆಲ್ಡರ್ ಬಂದಿದ್ದಾರೆ, ಹಾವೇರಿ ಕಡೆಯವರು. ಅವರ ಪ್ಲಾಸ್ಟಿಕ್ ಕವರಿನಲ್ಲಿ ಸರ್ಟಿಫಿಕೇಟುಗಳ ಒಂದು ಕಟ್ಟೇ ಇದೆ. ಬಾಯ್ಲರ್ ಕೆಲಸಕ್ಕೆ ಸರ್ಕಾರದ ಬಾಯ್ಲರ್ ಇಲಾಖೆಯ ಐಬಿಆರ್ ಕಾರ್ಡು, ಹಿಂದಿನ ಕಂಪನಿಗಳ 6ಜಿ ಕಾಗದಗಳು.

"ಹೋದ ಕಂಪನ್ಯಾಗ 6ಜಿ ಪಾಸ್ ಆಗೇನ್ರಿ ಮೇಡಂ. ಫಿಲ್ಮ್ ಒಂದೂ ರಿಜೆಕ್ಟ್ ಆಗಿಲ್ಲ. ಮತ್ತ ಯಾಕ ಟೆಸ್ಟು?"

"ನಿಮ್ಮ ಕೈ ಬಗ್ಗೆ ಅನುಮಾನ ಇಲ್ಲ ಅಣ್ಣ. ಆ ಕಾಗದಕ್ಕೆ ಸಹಿ ಹಾಕಿರೋದು ಅವರು, ಈ ವೆಸೆಲ್‌ಗೆ ಹೊಣೆ ನಾವು. ಇವತ್ತು ಒಂದೇ ಪೈಪು, ಎರಡು ಕಾರ್ಡು ಬರೋ ಹಾಗೆ ಮಾಡ್ತೀನಿ."

ಯಾವ ಪೈಪು ಅನ್ನುವುದೂ ಲೆಕ್ಕವೇ. ರೂಢಿಯಲ್ಲಿ ಎಲ್ಲರೂ ತೆಗೆದುಕೊಳ್ಳುವುದು 4 ಇಂಚು, ಹೊರವ್ಯಾಸ 114.3 ಮಿ.ಮೀ. ಅದರ ಮೇಲೆ ಪಾಸಾದರೆ ಎಎಸ್‌ಎಂಇ 73 ಮಿ.ಮೀ.ನಿಂದ ಮೇಲೆ ಒಪ್ಪುತ್ತದೆ, ಐಎಸ್‌ಒ ವ್ಯಾಸದ ಅರ್ಧ, ಅಂದರೆ 57ರಿಂದ ಮೇಲೆ. ಈ ವೆಸೆಲ್‌ಗಳಲ್ಲಿ 2 ಇಂಚಿನ ನಾಝಲ್‌ಗಳಿವೆ, ವ್ಯಾಸ 60.3. ಅದೇ ಮನುಷ್ಯ, ಅದೇ ನಾಝಲ್: ಯುರೋಪಿನ ವೆಸೆಲ್ ಮೇಲೆ ಅರ್ಹ, ಅಮೆರಿಕದ್ದರ ಮೇಲೆ ಅನರ್ಹ. ಅದಕ್ಕೇ ಮೇಡಂ ಕ್ಲ್ಯಾಂಪಿಗೆ ಕಟ್ಟಿಸಿರುವುದು 2 ಇಂಚಿನ ದಪ್ಪ ಗೋಡೆಯ ಪೈಪು, 45 ಡಿಗ್ರಿ ಓರೆಯಾಗಿ. ಈಗ ಎಎಸ್‌ಎಂಇ 25ರಿಂದ, ಐಎಸ್‌ಒ 30ರಿಂದ. ಅತಿ ಸಣ್ಣ ನಾಝಲ್ 1 ಇಂಚು, 33.4, ಎರಡಕ್ಕೂ ಒಳಗೆ. ಮುಕ್ಕಾಲು ಇಂಚಿನ ಡ್ರೈನ್ 26.7, ಅದು ಐಎಸ್‌ಒಗೆ ಸಿಗದು. ಯುರೋಪಿನ ಡ್ರಾಯಿಂಗ್‌ನಲ್ಲಿ ಅದು ಇಲ್ಲವೆಂದು ಮೇಡಂ ಮೊದಲೇ ನೋಡಿಕೊಂಡಿದ್ದಾರೆ.

ರೂಟು ಮತ್ತು ಹಾಟ್ ಪಾಸು ಟಿಗ್, ಮೇಲಿನದು ರಾಡ್. ಹಾಟ್ ಪಾಸ್ ಮುಗಿದದ್ದೇ ಮೇಡಂ "ನಿಲ್ಸಿ ಅಣ್ಣ" ಎಂದು ಡೆಪ್ತ್ ಗೇಜ್ ಇಳಿಸುತ್ತಾರೆ. 3.2. ಟಿಗ್ ಎಷ್ಟು ದಪ್ಪ ತುಂಬಿತು, ರಾಡ್ ಎಷ್ಟು ತುಂಬಿತು ಅಂತ ಎರಡೂ ಕೋಡ್ ಬೇರೆ ಬೇರೆ ಕೇಳುತ್ತವೆ. ಈಗ ಅಳೆಯದೆ ಕ್ಯಾಪಿಂಗ್ ಮುಗಿಸಿದರೆ ಒಳಗಿನ ಗಡಿ ಹೊರಗಿನಿಂದ ಕಾಣದು, ಆಮೇಲೆ ಫಾರ್ಮಿನಲ್ಲಿ ಬರೆಯುವುದು ಊಹೆ. ಕಾಗದದಲ್ಲಿ ಊಹೆ ಬರೆಯುವ ಅಭ್ಯಾಸವೇ ನಮ್ಮ ಶಾಪುಗಳನ್ನು ಆಡಿಟ್‌ನಲ್ಲಿ ಕೆಡವಿರುವುದು, ವೆಲ್ಡರ್‌ಗಳ ಕೈಚಳಕದ ಕೊರತೆಯಲ್ಲ. ಇದನ್ನು ಗಟ್ಟಿಯಾಗಿಯೇ ಹೇಳಬೇಕು.

ಪೈಪಿನ ಕೆಳಭಾಗಕ್ಕೆ ಬಂದಾಗ ವೆಲ್ಡರ್ ಮಂಡಿಯೂರಿ, ತಲೆ ಓರೆ ಮಾಡಿ, ಎಡ ಮೊಣಕೈಯನ್ನು ಸ್ಟ್ಯಾಂಡಿಗೆ ಆನಿಸುತ್ತಾರೆ. ಸ್ಟಾರ್ಟ್-ಸ್ಟಾಪ್ ಜಾಗದಲ್ಲಿ ಗ್ರೈಂಡರ್‌ನಿಂದ ತುದಿ ಸವರಿ ಮತ್ತೆ ಹೊತ್ತಿಸುತ್ತಾರೆ. ಜೋಡಣೆ ಎಲ್ಲಾಯಿತು ಅಂತ ಬೆರಳಿಟ್ಟು ಹುಡುಕಿದರೂ ನಿಮಗೆ ಸಿಗುವುದಿಲ್ಲ. ಅಮೆರಿಕದವರಿಗೆ ಇದು 6ಜಿ, ಐಎಸ್‌ಒದವರಿಗೆ ಎಚ್-ಎಲ್045.

ರಾತ್ರಿ ಶಾಪು ಖಾಲಿಯಾದ ಮೇಲೆ ರೇಡಿಯಾಗ್ರಫಿ. ಫಿಲ್ಮ್ ಸ್ವಚ್ಛ. ಆಮೇಲಷ್ಟೇ ಪ್ಲೇಟ್ ಕೂಪನ್‌ಗಳು ಲ್ಯಾಬಿಗೆ. ಅಲ್ಲಿ ಸೈಡ್ ಬೆಂಡ್ ತುಂಡುಗಳು ರೋಲರ್ ನಡುವೆ ನಿಧಾನವಾಗಿ ಬಾಗುತ್ತವೆ. ಹೊರಮೈಯಲ್ಲಿ 3 ಮಿ.ಮೀ. ಮೀರಿದ ಬಿರುಕು ಇರಬಾರದು ಅನ್ನುವುದರಲ್ಲಿ ಎರಡೂ ಕೋಡ್‌ಗೆ ಒಮ್ಮತ. ನಾಲ್ಕರಲ್ಲಿ ಒಂದರಲ್ಲೂ ಇಲ್ಲ. ಟೆನ್ಸೈಲ್ ತುಂಡುಗಳು ಪ್ಲೇಟಿನಲ್ಲೇ ಹರಿಯುತ್ತವೆ, 540ರ ಮೇಲೆ. ಇಂಪ್ಯಾಕ್ಟ್‌ನಲ್ಲಿ ಪಿಇಡಿ ಕೇಳುವ ಕನಿಷ್ಠ 27 ಜೌಲ್ ಸುಲಭವಾಗಿ ದಾಟುತ್ತದೆ. ಕೊನೆಗೆ ಅಡ್ಡ ಜಾಯಿಂಟಿನ ಮ್ಯಾಕ್ರೋ: ಆಸಿಡ್ ಒರೆಸಿದ ಮೈಮೇಲೆ ಪಾಸುಗಳು ಒಂದರ ಮೇಲೊಂದು ಎದ್ದು ಕಾಣುತ್ತವೆ. ಅದರ ಅಂಚಿಗೆ ವಜ್ರದ ಮೊನೆ ಸಾಲಾಗಿ ಕುಳಿ ಒತ್ತುತ್ತದೆ. ಪ್ಲೇಟು 165, ವೆಲ್ಡು 205, ಶಾಖ ತಗುಲಿದ ಅಂಚು 268. ಮಿತಿ 380. ಇಪ್ಪತ್ತು ವರ್ಷ ಎಎಸ್‌ಎಂಇ ಕೆಲಸವನ್ನೇ ಮಾಡಿದ ಶಾಪು ತನ್ನದೇ ವೆಲ್ಡಿನ ಆ ಅಂಚು ಎಷ್ಟು ಬಿರುಸು ಅಂತ ಅಂಕಿಯಲ್ಲಿ ನೋಡುವುದು ಇಂಥ ದಿನವೇ. ಯುರೋಪಿನ ಆರ್ಡರ್ ಇಲ್ಲದಿದ್ದರೂ ಈ ಒಂದು ಪರೀಕ್ಷೆಯನ್ನು ಮಾಡಿಸಿಟ್ಟುಕೊಳ್ಳಬೇಕೆಂದು ನಾನು ಹೇಳುತ್ತೇನೆ.

ಹಾವೇರಿಯ ವೆಲ್ಡರ್ ಕ್ಯಾಬಿನ್ನಿಗೆ ಬಂದು ಎರಡು ಕಾರ್ಡುಗಳನ್ನೂ ತಿರುಗಿಸಿ ನೋಡುತ್ತಾರೆ. "ನಾಳೆ ಬ್ಯಾರೆ ಕಡೆ ಹೋದ್ರ ಇವು ನಡೀತಾವೇನ್ರಿ?"

ಎಎಸ್‌ಎಂಇಯದು ಈ ಶಾಪಿನ ಹೆಸರಿನದು, ಸಾಮಾನ್ಯವಾಗಿ ಹೊರಗೆ ನಡೆಯದು. ಇಲ್ಲೇ ಇದ್ದು ಆರು ತಿಂಗಳಿಗೊಮ್ಮೆಯಾದರೂ ಅದೇ ಪ್ರಕ್ರಿಯೆಯಲ್ಲಿ ಕೆಲಸ ಮಾಡಿದ ದಾಖಲೆ ಇದ್ದರೆ ಮುಗಿಯುವ ತಾರೀಕೇ ಇಲ್ಲ. ಐಎಸ್‌ಒ ಕಾರ್ಡಿಗೆ ಆರು ತಿಂಗಳ ಸಹಿ ಬೇಕು, ಅದರ ಮೇಲೆ ನವೀಕರಣಕ್ಕೆ ಮೂರು ದಾರಿ: ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ, ಎರಡು ವರ್ಷಕ್ಕೊಮ್ಮೆ ಈಚಿನ ಎರಡು ವೆಲ್ಡ್‌ಗಳ ಪರೀಕ್ಷಾ ವರದಿ, ಅಥವಾ ಅದೇ ತಯಾರಕನ ಬಳಿ ಇರುವವರೆಗೆ ಅವಧಿಯೇ ಇಲ್ಲದ ಮಾನ್ಯತೆ. ಯಾವ ದಾರಿ ಎಂದು ಕಾರ್ಡ್ ಕೊಡುವಾಗಲೇ ಬರೆಯಬೇಕು. ಮೂರನೆಯದು ಕಂಪನಿಗೆ ಅಗ್ಗ, ಆದರೆ ಕೆಲಸ ಬಿಟ್ಟ ದಿನವೇ ವೆಲ್ಡರ್ ಕೈ ಖಾಲಿ. ಮೇಡಂ ಮೊದಲನೆಯದಕ್ಕೆ ಗುರುತು ಹಾಕಿಸಿದ್ದಾರೆ.

"ಇದು ನಿಮ್ಮ ಜೊತೆ ಬರುತ್ತೆ ಅಣ್ಣ. ಆರು ತಿಂಗಳು ತುಂಬೋದರೊಳಗೆ ಅಲ್ಲಿನ ವೆಲ್ಡಿಂಗ್ ಇಂಜಿನಿಯರ್ ಹತ್ರ ಈ ಹಿಂದಿನ ಪುಟದಲ್ಲಿ ಸಹಿ ಹಾಕಿಸ್ಕೊಳ್ಳಿ, ಮರೀಬೇಡಿ. ಅವರು ಗೊತ್ತಿಲ್ಲ ಅಂದ್ರೆ ನಂಗೆ ಫೋನ್ ಮಾಡಿಸಿ."